ಫೋನಿಗೆ ತಲೆಯಾಡಿಸಿದ ಹುಡುಗಿ

ನಿಜಾಮರ ರಾಜ್ಯ ಮುಗಿಯಲು ಇನ್ನೊಂದೆರಡು ವರ್ಷವಿತ್ತು. ಹತ್ತಿ ಸುಗ್ಗಿಯ ಕಾಲ. ಸಗರದ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಹುಡುಗ ಸುರಪುರದವರು, ರಾಯಚೂರಿನಲ್ಲಿ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ತಾಯಿಯೊಡನೆ ಅಲ್ಲೇ ಇದ್ದರು.

ತಲೆ ಎತ್ತಬೇಡ, ಬಾಯಿ ಬಿಡಬೇಡ ಎಂದು ನಮ್ಮ ಚಿಗವ್ವ ಮೊದಲೇ ಹೇಳಿಟ್ಟಿದ್ದಳು. ಹೆಸರೇನು ಎಂದು ನನ್ನನ್ನು ಕೇಳಿದರೆ ಹೇಳಿದವಳು ಅವಳು. ಅಡುಗೆ ಬರುತ್ತದೆಯೇ ಎಂದರೆ ಅದಕ್ಕೂ ಅವಳೇ. ನಾನು ಎಲ್ಲದಕ್ಕೂ ತಲೆಯಾಡಿಸುತ್ತ ಕುಳಿತೆ. ಆದರೂ ಎಲೆ ಅಡಿಕೆ ಕೊಡುವಾಗ ಓರೆಗಣ್ಣಿನಿಂದ ಹುಡುಗನನ್ನು ನೋಡಿಯೇಬಿಟ್ಟೆ. ನಮ್ಮಜ್ಜಿ ಮೇಲೇಳಲು ಒದ್ದಾಡುತ್ತಿದ್ದಾಗ ಅವರೇ ಕೈಹಿಡಿದು ಎಬ್ಬಿಸಿದರು. ಮನಸ್ಸು ಅಲ್ಲೇ ಸೋತಿತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ವಾರ ಕಳೆದರೂ ಉತ್ತರ ಬರಲಿಲ್ಲ. ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ ನನ್ನ ಸೋದರಮಾವ ಸುದ್ದಿ ತಂದ. ಹುಡುಗಿ ಮೂಗಿ, ಅದಕ್ಕೇ ಮನೆಯವರು ಬಾಯಿ ಬಿಡಿಸಲಿಲ್ಲ ಎಂದು ಹುಡುಗನ ತಾಯಿಗೆ ಅನುಮಾನವಂತೆ. ಈ ಮಾತು ಶಹಾಪುರದ ಸಂತೆ ಮುಟ್ಟಿದರೆ ಮುಂದೆ ಯಾವ ಗಂಡೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಮತ್ತೊಮ್ಮೆ ಕರೆಸೋಣವೆಂದರೆ, ಒಂದೇ ಹುಡುಗಿಯನ್ನು ಎರಡು ಸಲ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಪ್ಪ ಹಟ ಹಿಡಿದ.

ಕೊನೆಗೆ ಮಾವನೇ ದಾರಿ ಕಂಡುಹಿಡಿದ. ಹತ್ತಿಯ ಧಾರಣೆ ತಿಳಿಯಲು ಅವನು ದಿನಾ ಬೆಳಿಗ್ಗೆ ಜಿನ್ನಿನಿಂದ ಹುಡುಗನಿದ್ದ ಅದೇ ಅಡತಿ ಅಂಗಡಿಗೆ ಫೋನ್ ಮಾಡುತ್ತಿದ್ದ. ಹುಡುಗನಿಗೆ ಮೊದಲೇ ತಿಳಿಸಿ, ಜಿನ್ನಿನ ಸಾಹುಕಾರರ ಒಪ್ಪಿಗೆ ಪಡೆದು, ನನ್ನನ್ನು ಯಾದಗಿರಿಗೆ ಕರೆದೊಯ್ದ. ಧಾರಣೆಯ ಮಾತು ಮುಗಿಸಿ ಫೋನನ್ನು ನನ್ನ ಕಿವಿಗೆ ಒತ್ತಿದ.

ಆರಾಮ ಇದ್ದೀರೇನ್ರಿ ಎಂದು ಹುಡುಗನ ದನಿ ಕೇಳಿತು. ನಾನು ತಲೆಯಾಡಿಸಿದೆ. ಮನೆಯವರೆಲ್ಲ ಹೇಗಿದ್ದಾರೆ ಎಂದರು. ಇನ್ನೂ ಜೋರಾಗಿ ತಲೆಯಾಡಿಸಿದೆ. ಆ ಕಡೆ ಯಾರೋ ಹೆಂಗಸು ಗೊಣಗಿದ್ದು ಕೇಳಿಸಿತು. ಮಾವ ಹಣೆ ಬಡಿದುಕೊಂಡ.

“ತಂತ್ಯಾಗ ತಲಿ ಕಾಣಂಗಿಲ್ಲಬೇ, ಬಾಯಿ ತೆಗಿ” ಎಂದ.

ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡೆ. “ಊಟಾ ಆತೇನ್ರಿ?” ಎಂದೆ. ಅಷ್ಟು ಬೆಳಿಗ್ಗೆ ಯಾರ ಊಟ ಆಗಿರುತ್ತದೆ? ಇನ್ನೂ ಇಲ್ಲ ಎಂದು ಅವರು ನಕ್ಕರು. ಮುಂದೇನು ಮಾತಾಡುವುದು? ಸುಮ್ಮನಾದರೆ ಕೆಟ್ಟೆ. ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹೇಳತೊಡಗಿದೆ. ದೋರನಹಳ್ಳಿಯ ಬಂಡಿಗಳು ಬಂದಿವೆ, ಒಬ್ಬರ ಎತ್ತು ಇನ್ನೊಬ್ಬರ ಬಂಡಿಯ ಹತ್ತಿಗೆ ಬಾಯಿ ಹಾಕಿದೆ, ಒಡೆಯರಿಬ್ಬರೂ ಜಗಳಕ್ಕೆ ನಿಂತಿದ್ದಾರೆ, ಒಬ್ಬನ ರುಮಾಲು ಬಿಚ್ಚಿ ಬಿತ್ತು, ಅದನ್ನೀಗ ಎತ್ತು ತುಳಿಯುತ್ತಿದೆ. ಅವರು ಹೂಂ, ಆಮ್ಯಾಲ ಎನ್ನುತ್ತಲೇ ಇದ್ದರು. ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಹೂಂಗುಟ್ಟುವುದು ನಿಂತರೂ ನಾನು ನಿಲ್ಲಲಿಲ್ಲ. ಜಗಳ ಹೇಗೆ ಮುಗಿಯುತ್ತದೋ ನೋಡಿ ಹೇಳುತ್ತೇನೆ ಎನ್ನುವಷ್ಟರಲ್ಲಿ ವಯಸ್ಸಾದ ಹೆಂಗಸಿನ ದನಿ ಬಂತು.

“ಸಾಕಬೇ ತಾಯಿ, ಉಳಿದದ್ದು ಮನಿಗಿ ಬಂದು ಹೇಳೀಯಂತ.”

ಹುಡುಗ ತಮ್ಮ ತಾಯಿಯನ್ನೂ ಅಂಗಡಿಗೆ ಕರೆತಂದಿದ್ದರು; ಫೋನ್ ಯಾವಾಗ ಅವರ ಕಿವಿಗೆ ಹೋಗಿತ್ತೋ ದೇವರಿಗೇ ಗೊತ್ತು. ನಾನು ಅಲ್ಲೇ ಹತ್ತಿ ತುಂಬಿದ ಅಂಡಿಗೆ ಚೀಲದ ಮೇಲೆ ಕುಳಿತುಬಿಟ್ಟೆ. ನಗು, ಅಳು ಎರಡೂ ಒಟ್ಟಿಗೆ ಬಂದವು. ಆ ಬೇಸಿಗೆಯಲ್ಲೇ ನಮ್ಮ ಮದುವೆಯಾಯಿತು.

ಆ ಮಾತು ನೆನೆದರೆ ಈಗಲೂ ಎದೆ ಹಗುರಾಗುತ್ತದೆ. ಅಲ್ಲಿಯವರೆಗೆ ನನಗೆ ಬಾಯಿ ಮುಚ್ಚು ಎಂದವರೇ ಎಲ್ಲರೂ. ಬಂದು ಹೇಳು ಎಂದವರು ನಮ್ಮತ್ತೆಯೊಬ್ಬರೇ.