ತೆಳು ಆಗಿದೆ ಎಂದ ಮಾತು

ಬೆಳೆಯುವ ಮಕ್ಕಳ ಮಿದುಳಿನ ಬಗ್ಗೆ ನಡೆಯುತ್ತಿದ್ದ ಒಂದು ಅಧ್ಯಯನಕ್ಕಾಗಿ ನಾನು ಮಂಗಳೂರಿನ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಆರೋಗ್ಯವಂತ ಮಕ್ಕಳನ್ನೇ ಎರಡು ವರ್ಷದ ಅಂತರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿ, ಮಿದುಳಿನ ಹೊರಪದರದ ದಪ್ಪ ಅಳೆಯುತ್ತಿದ್ದೆವು. ನದಿಯಾಚೆಯ ಬೆಂಗ್ರೆಯ ಹುಡುಗಿಯೊಬ್ಬಳು ಎರಡನೇ ಸಲ ಬಂದು ಹೋದಾಗ ಅವಳಿಗೆ ಹದಿನಾಲ್ಕು. ವಾರದ ನಂತರ ಚಿತ್ರದ ಪ್ರತಿ ಒಯ್ಯಲು ಅವಳ ತಾಯಿ ಬಂದರು. ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ವಿಂಗಡಿಸುವ ಕೆಲಸ ಅವರದು.

"ಎಂತಾದರೂ ತೊಂದರೆ ಉಂಟಾ ಮೇಡಂ?" ಎಂದು ಕೇಳಿದರು.

ನಾನು ಊಟಕ್ಕೆ ಏಳುವ ಅವಸರದಲ್ಲಿದ್ದೆ. ಪರದೆಯ ಮೇಲಿನ ಅಂಕಿ ನೋಡಿ, ದೊಡ್ಡ ಬಲ್ಲವಳ ಹಾಗೆ, "ಹೊರಪದರ ಮೊದಲಿಗಿಂತ ಸ್ವಲ್ಪ ತೆಳು ಆಗಿದೆ" ಎಂದೆ. ಇನ್ನೇನೋ ಕೇಳಬೇಕೆಂದು ಅವರು ನಿಂತೇ ಇದ್ದರು. ನಾನು ಚೀಲ ಹೆಗಲಿಗೇರಿಸಿದೆ.

ಆ ವಯಸ್ಸಿನಲ್ಲಿ ತೆಳುವಾಗುವುದೇ ಸಹಜ. ಬಳಕೆಯಾಗದ ನರಸಂಪರ್ಕಗಳು ಕಡಿಮೆಯಾಗುತ್ತವೆ. ಉಳಿದ ನರತಂತುಗಳ ಸುತ್ತ ಕೊಬ್ಬಿನ ಹೊದಿಕೆ ಬೆಳೆಯುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಪದರ ತೆಳ್ಳಗೆ ಕಾಣುತ್ತದೆ. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ತರಬೇತಿಯ ಮೊದಲ ದಿನವೇ ಅಧ್ಯಯನ ನಡೆಸುತ್ತಿದ್ದ ಡಾಕ್ಟರು ಹೇಳಿಕೊಟ್ಟಿದ್ದರು. ಆ ತಾಯಿಗೆ ಹೇಳಲು ಒಂದು ನಿಮಿಷ ಸಾಕಿತ್ತು.

ತಿಂಗಳ ನಂತರ ಹುಡುಗಿಯ ಟೀಚರು ಡಾಕ್ಟರಿಗೆ ಫೋನ್ ಮಾಡಿದರು. ಅವಳು ಗಣಿತದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಹೋಗಿದ್ದಳು. ಆಮೇಲೆ ಶಾಲೆಗೇ ಬಂದಿರಲಿಲ್ಲ. ಮಿದುಳು ಸವೆದಿದೆಯಂತೆ, ಓದಿಸಿದರೆ ಇನ್ನೂ ಸವೆದೀತು ಎಂದು ತಾಯಿಯೂ ಹೆದರಿ ಮನೆಯಲ್ಲೇ ಕೂರಿಸಿದ್ದರು. ಅವರಿಗೆ ಹೀಗೆ ಹೇಳಿದ್ದು ಯಾರು ಎಂದು ಡಾಕ್ಟರು ಕೇಳಿದಾಗ ನಾನು, "ಅವರಿಗೇ ಏನೋ ತಪ್ಪು ಅರ್ಥ ಆಗಿರಬೇಕು ಸರ್" ಎಂದುಬಿಟ್ಟೆ. ಅವರು ನಂಬಿದರು.

ಮರುದಿನ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ತಾಯಿ ಕುರ್ಚಿ ಒರೆಸಿ ಕೂರಿಸಿದರು. ಅಂದು ಬಿಟ್ಟದ್ದನ್ನೆಲ್ಲ ಬಿಡಿಸಿ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಹುಡುಗಿ, "ಎಲ್ಲರದ್ದೂ ಹಾಗೇ ಆಗ್ತದಾ?" ಎಂದಳು.

"ಎಲ್ಲರದ್ದೂ. ನನ್ನದೂ ಆಗಿತ್ತು."

"ಲೆಕ್ಕ ತಲೆಗೆ ಹೋಗದ್ದು ಅದಕ್ಕೇ ಅಂತ ಗ್ರಹಿಸಿದೆ."

ನಾನು ನೆಲ ನೋಡಿದೆ. ತಾಯಿಯೇ ನನ್ನನ್ನು ಸಮಾಧಾನ ಮಾಡಿದರು. "ನಮಗೆ ಓದು ಇಲ್ಲ ಮೇಡಂ. ನಾನೇ ಸರಿ ಕೇಳಿಸಿಕೊಳ್ಳಲಿಲ್ಲ."

ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕೊಟ್ಟ ಚಹಾ ಕುಡಿದು ಎದ್ದೆ.

ಸೋಮವಾರದಿಂದ ಹುಡುಗಿ ಶಾಲೆಗೆ ಹೋದಳು, ಪರೀಕ್ಷೆಯನ್ನೂ ಮತ್ತೊಮ್ಮೆ ಬರೆಸಿದರು. ಯಾರೂ ಹೇಳದೆಯೇ ಅಷ್ಟು ದೂರ ಹೋಗಿ ತಿಳಿಹೇಳಿ ಬಂದಳು ಎಂದು ಡಾಕ್ಟರು ಈಗಲೂ ಹೊಸಬರ ಮುಂದೆ ನನ್ನನ್ನು ಹೊಗಳುತ್ತಾರೆ. ಅವರನ್ನು ಹೆದರಿಸಿದ ಮಾತು ನನ್ನದೇ ಎಂದು ನಾನು ಇನ್ನೂ ಹೇಳಿಲ್ಲ.