ರಿವರ್ಸ್ ಬೀಳದ ಕಾರು

ನನ್ನ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮುಗಿಯಲು ಒಂಬತ್ತು ದಿನ ಉಳಿದಿದ್ದಾಗ ಅಪ್ಪನ ಕಾರಿಗೆ ರಿವರ್ಸ್ ಬೀಳುವುದು ನಿಂತಿತು. ನನಗಿಂತ ಹದಿನಾಲ್ಕು ವರ್ಷ ಹಿರಿಯ ಕಾರು ಅದು. ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿತ್ತು. ನಾನು ಕಲಿತದ್ದು ಅದರಲ್ಲೇ, ಬೇರೆ ಕಾರಿನ ಗೇರು ಕೈಗೆ ಒಗ್ಗುತ್ತಿರಲಿಲ್ಲ. ಟೆಸ್ಟಿನಲ್ಲಿ ಒಮ್ಮೆ ಆಗಲೇ ಫೇಲಾಗಿದ್ದೆ. ಈ ಸಲವೂ ಪಾಸಾಗದಿದ್ದರೆ ಕಾರನ್ನು ಗುಜರಿಗೆ ಹಾಕುವುದಾಗಿ ಅಪ್ಪ ಹೇಳಿದ್ದರು.

ಸವೆದಿದ್ದದ್ದು ಬಾನೆಟ್ಟಿನೊಳಗೆ ಎಂಜಿನ್ ಪಕ್ಕದಲ್ಲಿರುವ, ಗೇರು ಕೋಲಿನ ಕೆಳತುದಿಯ ಬುಷ್, ಉಂಗುರದಷ್ಟೇ ಗಾತ್ರದ ಬಳೆ. ಎರಡು ದಿನ ಬಸ್ಸಿನಲ್ಲಿ ಅಲೆದು ಚಿಂತಾಮಣಿಯಲ್ಲಿ ನಾಲ್ಕು ಅಂಗಡಿ, ಚಿಕ್ಕಬಳ್ಳಾಪುರದಲ್ಲಿ ಐದು, ಗೌರಿಬಿದನೂರಿನಲ್ಲಿ ಎರಡು ಕೇಳಿದೆ. ಹನ್ನೊಂದು ಅಂಗಡಿಗಳ ಹೆಸರಿನ ಮುಂದೆಯೂ ‘ಇಲ್ಲ’ ಎಂದು ಬರೆದುಕೊಂಡೆ. ಕೊನೆಗೆ ಶಿಡ್ಲಘಟ್ಟದ ನಮ್ಮ ಬೀದಿಯಲ್ಲೇ, ರೇಷ್ಮೆ ನೂಲು ಬಿಚ್ಚಾಣಿಕೆ ಯಂತ್ರಗಳನ್ನು ರಿಪೇರಿ ಮಾಡುವ ಫಿಟ್ಟರ್ ಒಬ್ಬರು ನೈಲಾನ್ ಸರಳಿನ ತುಂಡೊಂದನ್ನು ಲೇತಿಗೆ ಕಟ್ಟಿ ಕಡೆದು ಬುಷ್ ಮಾಡಿಕೊಟ್ಟರು. ಕೊಂಚ ಬಿಗಿಯಿತ್ತು, ಉಜ್ಜಲೇ ಎಂದು ಕೇಳಿದರು. ಬಿಗಿಯೇ ಇರಲಿ ಎಂದೆ. ಸಡಿಲ ಸಾಕಾಗಿ ಹೋಗಿತ್ತು.

ಮುಂದಿನ ಐದು ದಿನ ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಸಲ ಶೆಡ್ಡಿನಲ್ಲಿ ಕೂತು ರಿವರ್ಸ್ ಹಾಕಿ ಎಣಿಸಿದೆ. ಇನ್ನೂರಕ್ಕೆ ಇನ್ನೂರು. ಆದರೂ ಸಮಾಧಾನವಿಲ್ಲ; ಊಟದ ನಡುವೆ ಎದ್ದು ಹೋಗಿ ಇನ್ನೊಮ್ಮೆ ಹಾಕಿ ಬರುತ್ತಿದ್ದೆ.

“ಹೊಸದೂ ನಿನ್ ಕೈಲೇ ಸವೆದೋಗ್ತದೆ ಕಣೇ, ಕೂತ್ಕೊಂಡು ತಿನ್ನು,” ಎಂದರು ಅಮ್ಮ.

ಎಂಟನೆಯ ದಿನ ಟೆಸ್ಟು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರದವರೆಗೆ ನಾನೇ ಓಡಿಸಿದೆ. ಆರ್‌ಟಿಒ ಮೈದಾನದ ಸಾಲಿನಲ್ಲಿ ಕಾರನ್ನು ಸರಿಯಾಗಿ ನಿಲ್ಲಿಸಲು ರಿವರ್ಸ್ ಹಾಕಿದರೆ ಕೋಲು ಅರ್ಧಕ್ಕೇ ಸಿಕ್ಕಿಕೊಂಡಿತು. ಏಳು ಸಲದವರೆಗೆ ಎಣಿಸಿದೆ. ಫಿಟ್ಟರಿಗೆ ಫೋನ್ ಮಾಡಿದೆ.

“ಎಂಜಿನ್ ಓಡ್ಸಿ ನೋಡಿದ್ಯೇನಮ್ಮ? ನೈಲಾನು ಬಿಸಿಗೆ ಉಬ್ತದೆ.”

ಓಡಿಸಿ ನೋಡಿರಲಿಲ್ಲ. ಇನ್ನೂರು ಸಲವೂ ತಣ್ಣಗೆ ನಿಂತ ಕಾರಿನಲ್ಲೇ ಎಣಿಸಿದ್ದೆ.

ಮಾರನೆಯ ದಿನ ಎಲ್‌ಎಲ್ ಮುಗಿಯುತ್ತಿತ್ತು. ಕಾರು ತಣಿಯಲೆಂದು ನನ್ನ ಸರದಿಯನ್ನು ಹಿಂದಿನವರಿಗೆಲ್ಲ ಬಿಟ್ಟುಕೊಟ್ಟೆ. ಅಪ್ಪ ಬಾನೆಟ್ ಎತ್ತಿದರು, ಹೆಗಲ ಟವೆಲನ್ನು ನಲ್ಲಿಯಲ್ಲಿ ನೆನೆಸಿ ತಂದು ಬುಷ್‌ಗೆ ಸುತ್ತಿದರು. ಒಣಗಿದಾಗಲೆಲ್ಲ ಮತ್ತೆ ನಲ್ಲಿಗೆ ನಡೆದರು. ನಾನು ಕಾರಿನ ಸುತ್ತ ತಿರುಗುತ್ತಲೇ ಇದ್ದೆ. ಸಾಲು ಮುಗಿದು ಇನ್‌ಸ್ಪೆಕ್ಟರ್ ಕೂಗಿದಾಗ ಎಂಜಿನ್ ಹಾಕದೆಯೇ ಕಾರನ್ನು ಗೆರೆಯವರೆಗೆ ತಳ್ಳಿಕೊಂಡು ಹೋದೆವು.

“ಸರ್, ಮೊದ್ಲು ರಿವರ್ಸ್ ತೋರಿಸ್ಲಾ?”

“ಎಲ್ರೂ ಅದನ್ನ ಕೊನೇಗಿಟ್ಕೊತಾರೆ,” ಎಂದು ನಕ್ಕು, ಆಗಲಿ ಎಂಬಂತೆ ಅವರು ಕೈಬೀಸಿದರು.

ಸ್ಟಾರ್ಟ್ ಮಾಡಿದ ಕೂಡಲೇ ಕೋಲೆಳೆದೆ. ಬಿತ್ತು. ಗೆರೆ ತುಳಿಯದೆ ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ, ಮೈದಾನ ಸುತ್ತಿದೆ. ಅವರು ಸಹಿ ಹಾಕಿದರು.

ಹೊರಡುವಾಗ ಗೇಟಿನಲ್ಲಿ ಎದುರಿಗೊಂದು ಲಾರಿ ಬಂತು, ನಾವು ಹಿಂದೆ ಸರಿಯಬೇಕಾಯಿತು. ಕೋಲು ಮತ್ತೆ ಅರ್ಧಕ್ಕೇ ನಿಂತಿತು. ಬಾಗಿಲು ತೆರೆಯಲು ಹೋದೆ. ಅಷ್ಟರಲ್ಲಿ ಅಪ್ಪ ಇಳಿದು, ಬಾನೆಟ್ಟಿಗೆ ಎರಡೂ ಕೈ ಕೊಟ್ಟು ತಳ್ಳತೊಡಗಿದ್ದರು.

“ನೀನ್ ಇಳೀಬೇಡ, ಸ್ಟೀರಿಂಗ್ ನೋಡ್ಕೊ,” ಎಂದರು ಏದುಸಿರಿನಲ್ಲಿ. “ನಾಳೆ ಆ ಬುಷ್ ಉಜ್ಜಿಸ್ಕೊಂಡ್ ಬಾರಮ್ಮ.”