ಮಾರೆಪ್ಪಣ್ಣ ನಂಬದ ಅಂಕಿ

ಕುದಿಯುವುದನ್ನು ತಾವೇ ನಿಂತು ನೋಡದ ಹೊರತು ಮಾರೆಪ್ಪಣ್ಣ ಯಾರ ಚಹಾವನ್ನೂ ಕುಡಿಯುತ್ತಿರಲಿಲ್ಲ. ತಕ್ಕಡಿ, ಗಡಿಯಾರ, ಬಸ್ಸಿನ ಬೋರ್ಡು, ಯಾವುದರ ಮೇಲೂ ಅವರಿಗೆ ಭರವಸೆಯಿಲ್ಲ. ರಾಯಚೂರಿನ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವರು ಸಹಾಯಕರು, ನಾನು ಉಪನ್ಯಾಸಕಿ. ಕಟ್ಟಡಗಳಿಗೆ ಸೆನ್ಸರ್ ಇಟ್ಟು ಅವು ಹೇಗೆ ನಡುಗುತ್ತವೆಂದು ಅಳೆಯುವುದು ನಮ್ಮ ಕೆಲಸ. ಪ್ರತಿ ಕಟ್ಟಡಕ್ಕೂ ತನ್ನದೇ ಒಂದು ನಡುಕದ ವೇಗವಿರುತ್ತದೆ. ಗಟ್ಟಿಯಿದ್ದರೆ ಬೇಗ ಬೇಗ, ಸಡಿಲವಾದರೆ ನಿಧಾನ. ನಾನು ಜೋಡಿಸಿದ ವೈರುಗಳನ್ನೆಲ್ಲ ಮಾರೆಪ್ಪಣ್ಣ ಮತ್ತೊಮ್ಮೆ ಜಗ್ಗಿ ನೋಡುವರು. "ಯಾರೂ ಮುಟ್ಟಿಲ್ಲ ಅಂದ್ರ ಯಾರೋ ಮುಟ್ಯಾರ್ರೀ ಮೇಡಂ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾನ್ವಿ ಕಡೆಯ ಒಂದು ಶಾಲೆ. ಹೊಸದಾಗಿ ಕಟ್ಟಿದ ಮೇಲಂತಸ್ತಿನಲ್ಲಿ ಮಕ್ಕಳು ಓಡಿದರೆ ನೆಲ ಜುಮ್ಮೆನ್ನುತ್ತದೆಂದು ಹೆಡ್‌ಮಾಸ್ತರರು ಹೆದರಿದ್ದರು. ಸೋಮವಾರದಿಂದ ಆರನೆಯ ತರಗತಿ ಅಲ್ಲೇ ಕೂರಬೇಕು. ಕೂರಿಸಬಹುದೋ ಇಲ್ಲವೋ ನಾವು ಹೇಳಬೇಕು. ಆರು ಕಡೆ ಸೆನ್ಸರ್ ಇಟ್ಟೆವು. ಎಲ್ಲ ಕಡೆಯಿಂದಲೂ ಒಂದೇ ಅಂಕಿ, ಪರದೆಯ ಮೇಲೆ ಒಂದೇ ಎತ್ತರದ ಗೆರೆ: ಸೆಕೆಂಡಿಗೆ ಹನ್ನೆರಡು ಸಲ. "ಅಬ್ಬಾ, ಗಟ್ಟಿ ಅದ" ಎಂದು ನಾನು ಆಗಲೇ ವರದಿ ಬರೆಯತೊಡಗಿದೆ. ಮಾರೆಪ್ಪಣ್ಣ ಪರದೆಯನ್ನೇ ದಿಟ್ಟಿಸಿದರು. ಆಮೇಲೆ ಸರಸರನೆ ಕೆಳಗಿಳಿದು ಹೋದರು.

ಎಷ್ಟು ಹೊತ್ತಾದರೂ ಬರಲಿಲ್ಲ. ಕಿಟಕಿಯಿಂದ ಇಣುಕಿದರೆ, ಪಕ್ಕದಲ್ಲಿ ಬೆಳಿಗ್ಗೆಯಿಂದ ಧಡಧಡ ಓಡುತ್ತಿದ್ದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಗಿರಣಿಯವನ ಹೆಗಲಿಗೆ ಕೈ ಹಾಕಿ ನಗುತ್ತಿದ್ದಾರೆ. ಕೈಯಲ್ಲಿ ಚಹಾ! ಗಿರಣಿಯವ ಈ ಮೇಲಂತಸ್ತು ಕಟ್ಟಿದ ಗುತ್ತಿಗೆದಾರನ ಭಾವಮೈದುನ ಎಂದು ಹೆಡ್‌ಮಾಸ್ತರರು ಬೆಳಿಗ್ಗೆಯೇ ಹೇಳಿದ್ದರು. ಯಾರ ಚಹಾವನ್ನೂ ನಂಬದ ಮನುಷ್ಯ ಇವನ ಚಹಾ ಕುಡಿಯುತ್ತಾನೆಂದರೆ ಏನರ್ಥ? ಇಷ್ಟು ದಿನ ಎಷ್ಟು ಕಡೆ ಹೀಗೆ ಒಳಗಿನ ಸುದ್ದಿ ಮುಟ್ಟಿಸಿದ್ದಾನೋ!

ಅವರು ಮೇಲೆ ಬಂದದ್ದೇ ತಡ, ಕೇಳಿಯೇಬಿಟ್ಟೆ: "ಮಾರೆಪ್ಪಣ್ಣ, ನೀವು ಆ ಗುತ್ತಿಗೆದಾರನ ಕಡಿಯವರೇನು?"

ಅವರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಗಿರಣಿಯ ಸದ್ದು ನಿಂತಿತು. "ಈಗ ನೋಡ್ರಿ" ಎಂದು ನೆಲದ ನಡುವೆ ತುದಿಗಾಲ ಮೇಲೆ ನಿಂತು ಧೊಪ್ಪನೆ ಹಿಮ್ಮಡಿ ಇಳಿಸಿದರು. ಪರದೆಯಲ್ಲಿ ಹನ್ನೆರಡು ಮಾಯ. ಬಂದದ್ದು ಐದೇ. ನೆಲ ಸಡಿಲ.

"ನಡುವ ಇಟ್ಟರೂ ಗೆರಿ ಅಷ್ಟ, ಗ್ವಾಡಿ ಬುಡಕ ಇಟ್ಟರೂ ಅಷ್ಟ. ನೆಲಾನ ನಡುಗಿದ್ರ ನಡುವ ಹೆಚ್ಚು, ಗ್ವಾಡಿ ಹತ್ರ ಕಡಿಮಿ ಇರಬೇಕಲ್ರಿ? ಹನ್ನೆರಡು ನೆಲದ್ದಲ್ಲ, ಗಿರಣೀದು. ಸುಮ್ನ ಬಂದ್ ಮಾಡಂದ್ರ ಮಾಡ್ತಾನೇನು ಅವ? ಅವನ ಚಹಾ ಕುಡದು, ಕೈಕಾಲು ಹಿಡದು ಬಂದೀನಿ." ಬಗ್ಗಿ ಒಂದು ವೈರು ಜಗ್ಗಿ ನೋಡುತ್ತ ಅಂದರು: "ನನ್ನ ಮ್ಯಾಲ ಸಂಶಯ ಪಟ್ರಿ, ಪಡ್ರಿ. ನಿಮ್ಮ ಅಂಕಿ ಮ್ಯಾಲ ಯಾಕ ಪಡಲಿಲ್ಲ?"

ನಾಚಿಕೆಯಿಂದ ಭೂಮಿಗಿಳಿದು ಹೋದೆ. ವರದಿ ಹರಿದು ಹಾಕಿದೆ. ಮೇಲಂತಸ್ತಿಗೆ ಬೀಗ ಬಿತ್ತು. ನೆಲದಡಿ ಕಬ್ಬಿಣದ ತೊಲೆ ಕೂರಿಸುವವರೆಗೆ ಆರನೆಯ ತರಗತಿ ಬೇವಿನ ಮರದ ಕೆಳಗೆ ನಡೆಯಿತು. ಮಕ್ಕಳಿಗೇನೋ ಅದೇ ಖುಷಿ.

ಅಂದಿನ ಮಾತಿಗೆ ತಪ್ಪಾಯಿತೆನ್ನಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ, ಉಸಿರಾಟದ ತೊಂದರೆಯಿಂದ ದೇವದುರ್ಗದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂತು ಹೇಳಿದೆ. ಅಂದು ಪರದೆಯನ್ನು ದಿಟ್ಟಿಸಿದಂತೆಯೇ ನನ್ನ ಮುಖವನ್ನು ದಿಟ್ಟಿಸಿದರು.

"ಖರೇನ ಅನ್ನಾಕತ್ತೀರೋ, ನಾ ಮಲಗೀನಿ ಅಂತ ಅನ್ನಾಕತ್ತೀರೋ? ಹ್ಯಾಂಗ ಗೊತ್ತಾಗಬೇಕು? ನಾ ಆರಾಮಾದ ಮ್ಯಾಲ ಬಂದು ಇನ್ನೊಮ್ಮಿ ಹೇಳ್ರಿ. ಆಗ ನಂಬ್ತೀನಿ."

ಮಗಳು ನಕ್ಕಳು, ನಾನೂ ನಕ್ಕೆ. ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಅವರು ಆರಾಮಾಗಲಿಲ್ಲ.